ಹೊಟ್ಟೆ ತುಂಬಿದ ಗಿಡುಗ

ಕಿಲ್‌ಬ್ರಾಕನ್, ಕಡಲ ದಂಡೆ,
ವಿಕ್ಲೋ ಸೀಮೆ
೮ ಜುಲೈ ೨೦೨೦, ಬುಧವಾರ

ಅಪ್ಪೀ,

‘ಚಿ. ಸೌ. ಅರ್ಪಿತಾಳಿಗೆ’ ಎಂದು ಶುರು ಮಾಡಲು ಹೋದೆ. ‘ಸೌ’ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿತು. ಬರೆದರೆ ನಿನಗೆ ಸಿಟ್ಟು, ಬಿಟ್ಟರೆ ನನಗೆ ಸಂಕಟ. ಅದಕ್ಕೇ ನೀನು ತೊಟ್ಟಿಲಲ್ಲಿದ್ದಾಗ ಕರೆಯುತ್ತಿದ್ದ ಹೆಸರನ್ನು ಬರೆದಿದ್ದೇನೆ. ಅಮ್ಮನ ಆಶೀರ್ವಾದಗಳು. ನಾನು ಆರಾಮ. ನೀನೂ ಆರಾಮ ಎಂದು ಹೇಳುತ್ತೀಯ, ನಾನೂ ನಂಬಿದಂತೆ ಇರುತ್ತೇನೆ.

ನಿನ್ನ ಆಸ್ಪತ್ರೆ ಇರುವ ಬ್ಯೂಮಾಂಟಿಗೂ ಇಲ್ಲಿಗೂ ಕಾರಿನಲ್ಲಿ ಗಂಟೆಯ ದಾರಿ, ಇದಕ್ಕೆ ಯಾರಮ್ಮ ಕಾಗದ ಬರೀತಾರೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ಜೊತೆ ಮಾತು ಶುರುವಾದರೆ ತಾನೆ? ನಾನು ಬಾಯಿ ತೆರೆಯುವಷ್ಟರಲ್ಲಿ ‘ಐ ಆಮ್ ಗ್ರ್ಯಾಂಡ್ ಅಮ್ಮ, ವಾರ್ಡಿಗೆ ಹೋಗ್ಬೇಕು, ಇಡ್ತೀನಿ’ ಅನ್ನುತ್ತೀಯ. ಈ ದೇಶದವರಿಗೆ ಮಳೆ ಬಂದರೂ ಗ್ರ್ಯಾಂಡ್, ಸೂರು ಸೋರಿದರೂ ಗ್ರ್ಯಾಂಡ್. ನೀನೂ ಅದನ್ನೇ ಕಲಿತುಬಿಟ್ಟೆ. ನಾಳೆ ಇಲ್ಲೇ ಪಕ್ಕದ ಊರಿಂದ ಡ್ಯೂಟಿಗೆ ಬರುವ ನಿನ್ನ ವಾರ್ಡಿನ ತೇಜು ಎಂದಿನಂತೆ ನಿನಗೆ ಊಟದ ಡಬ್ಬಿ ಒಯ್ಯಲು ಬರುತ್ತಾಳೆ. ಅವಳ ಕೈಯಲ್ಲೇ ಇದನ್ನೂ ಕೊಡುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಮೊನ್ನೆ ನೀನು ಕೇಳಿದೆ, ‘ಅಮ್ಮ, ನೀನು ಯಾರ ಕಡೆ?’ ಎಂದು. ನಾನು ತಡವರಿಸಿದೆ, ನಿನಗೆ ಕೋಪ ಬಂತು. ಬರಬೇಕಾದದ್ದೇ. ಬೇರೆಯಾಗಲು ವಕೀಲರ ಪೇಪರು ತಯಾರಾಗಿದೆ. ಈಗ ಊರಿಂದೂರಿಗೆ ಓಡಾಡಲು ಬಿಟ್ಟಿದ್ದಾರಾದ್ದರಿಂದ ಈ ಭಾನುವಾರ ಬಂದು ನನ್ನನ್ನು ಕರೆದುಕೊಂಡು ಹೋಗುತ್ತೀಯ. ಆಮೇಲೆ ನಾನು ದಾವಣಗೆರೆಯ ನೆಂಟರಿಗೆಲ್ಲ ಫೋನು ಮಾಡಿ, ತಪ್ಪೆಲ್ಲ ಕಿಶೋರನದೇ, ನನ್ನ ಮಗಳು ಸಹಿಸಿ ಸಹಿಸಿ ಸೋತಳು ಎಂದು ಹೇಳಬೇಕು. ಇಷ್ಟೇ ತಾನೆ? ಇದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಒಂದು ಗಿಡುಗದ ಕಥೆ ಹೇಳಬೇಕು. ಮುಖ ಸಿಂಡರಿಸಬೇಡ, ಪೂರ್ತಿ ಓದು.

ಮಾರ್ಚಿನಲ್ಲಿ ನಿನ್ನನ್ನು ಕೊರೊನಾ ವಾರ್ಡಿಗೆ ಹಾಕಿದಾಗ, ಆಗಷ್ಟೇ ಊರಿಂದ ಬಂದಿದ್ದ, ಸಕ್ಕರೆ ಕಾಯಿಲೆಯ ಅಮ್ಮ ಪಕ್ಕದಲ್ಲಿ ಇರುವುದು ಬೇಡ ಎಂದು ನೀನು ನನ್ನನ್ನು ಇಲ್ಲಿಗೆ ಕಳಿಸಿದೆ. ‘ಕಿಶೋರ್‌ಗೆ ಅಲ್ಲಿ ಕೆಲಸ, ನನಗೆ ಇಲ್ಲಿ, ಅದಕ್ಕೆ ಎರಡು ಮನೆ’ ಎಂದಿದ್ದೆ. ನಾನು ಬಂದ ಸಂಜೆ ನಿನ್ನ ಗಂಡ ಅನ್ನ ಸಾರು ಮಾಡಿ ತಟ್ಟೆ ಇಟ್ಟ. ಮನೆಯಲ್ಲಿ ಇದ್ದದ್ದೇ ಒಂದು ತಟ್ಟೆ. ಅದನ್ನು ನನಗೆ ಕೊಟ್ಟು, ತಾನು ಪಾತ್ರೆಯ ಮುಚ್ಚಳದಲ್ಲಿ ಬಡಿಸಿಕೊಂಡ. ಖಾನಾವಳಿ ನಡೆಸಿದವಳಿಗೆ ತಟ್ಟೆಯ ಲೆಕ್ಕ ತಪ್ಪುತ್ತದೆಯೇ? ಒಂದೇ ತಟ್ಟೆಯ ಮನೆಗೆ ಹೆಂಡತಿ ಬಂದು ಹೋಗಿ ಮಾಡುವುದಿಲ್ಲ ಎಂದು ಅಲ್ಲೇ ತಿಳಿಯಿತು. ಕೇಳಿದರೆ, ‘ಅರ್ಪಿತಾನೇ ಹೇಳ್ತಾಳೆ ಅತ್ತೆ’ ಎಂದು ಎದ್ದು ಹೋದ. ನೀನು ಹೇಳಿದೆ, ಫೋನಿನಲ್ಲಿ, ಅಳದೆ. ಎರಡು ವರ್ಷವಾಯಿತು, ಜಗಳವೇನಿಲ್ಲ, ಅವನು ಮಾತೇ ಆಡುವುದಿಲ್ಲ, ಗೋಡೆಯ ಜೊತೆ ಎಷ್ಟು ದಿನ ಸಂಸಾರ ಮಾಡಲಿ ಎಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳವೇ ಆಡದವರನ್ನು ಏನು ಮಾಡಬೇಕೋ ಯಾವ ಗಾದೆಯೂ ಹೇಳಿಲ್ಲ.

ನಿಜ ಹೇಳುತ್ತೇನೆ, ಆ ದಿನ ನಾನು ಪೂರ್ತಿ ನಿನ್ನ ಕಡೆ ಇದ್ದೆ. ಬೆಂಗಳೂರಿನ ಒಳ್ಳೆಯ ಕೆಲಸ ಬಿಟ್ಟು, ಹಕ್ಕಿ ಓದು ಓದುತ್ತೇನೆ ಎಂದು ನಿನ್ನ ಹಿಂದೆ ಐರ್ಲೆಂಡಿಗೆ ಬಂದ ಅಳಿಯ. ಆಗಲೂ ಬೈದಿದ್ದೆ, ಈಗಲೂ ಆ ಬೈಗುಳ ವಾಪಸ್ಸು ತೆಗೆದುಕೊಳ್ಳುವುದಿಲ್ಲ, ಸಂಬಳ ಕಡಿಮೆಯೇ. ಅತ್ತೆ ಅಳಿಯ ಒಂದೇ ಸೂರಿನಡಿ ಇಷ್ಟು ತಿಂಗಳು ಇದ್ದದ್ದು ನಮ್ಮ ವಂಶದಲ್ಲಿ ಇದೇ ಮೊದಲಿರಬೇಕು. ಅವನು ಅಡುಗೆಮನೆಗೆ ಬಂದರೆ ನಾನು ಎದ್ದು ನಿಲ್ಲುವುದು, ನಾನು ಎದ್ದರೆ ಅವನು ಹಿಂದಕ್ಕೆ ಸರಿಯುವುದು. ಏಪ್ರಿಲ್ ಪೂರ್ತಿ ನಾವಿಬ್ಬರೂ ಆ ಪುಟ್ಟ ಮನೆಯಲ್ಲಿ ಕೋಲಾಟ ಆಡಿದೆವು.

ಆದರೆ ಅಪ್ಪೀ, ಈ ಜಾಗ! ಕಿಟಕಿ ತೆಗೆದರೆ ಒಂದು ಹಸಿರು ಹೊಲ, ಅದರಾಚೆ ರೈಲು ಹಳಿ, ಹಳಿಯಾಚೆ ಬರೀ ನುಣ್ಣನೆಯ ಕಲ್ಲುಗಳ ದಂಡೆ, ಆಮೇಲೆ ಕಡಲು. ಒಬ್ಬರೂ ಇಲ್ಲ. ರೈಲು ಬರುತ್ತದೆ, ಒಳಗೆ ದೀಪ ಉರಿಯುತ್ತಿರುತ್ತದೆ, ಸೀಟುಗಳೆಲ್ಲ ಖಾಲಿ. ಕಡಲ ಅಂಚಿನಲ್ಲೇ ಸದ್ದಿಲ್ಲದೆ ಹೋಗಿಬಿಡುತ್ತದೆ. ಸಂಜೆಯಾಗಿ ಎಷ್ಟೋ ಹೊತ್ತಾದರೂ ಬೆಳಕು ಆರುವುದೇ ಇಲ್ಲ. ವಿಭೂತಿ ಇಟ್ಟು ಪೂಜೆ ಮುಗಿಸಿ, ಉಂಡು, ತೊಳೆದು ಬಂದರೂ ಹೊರಗೆ ಹಾಲು ಚೆಲ್ಲಿದ ಹಾಗೆ ಬೆಳಕು. ಇದು ಯಾವ ವಾರ, ಯಾವ ತಿಥಿ ಎಂದು ಎಷ್ಟೋ ದಿನ ಮರೆತೇ ಹೋಗುತ್ತಿತ್ತು. ನಾನು ಸತ್ತು ಎಲ್ಲಿಗೋ ಬಂದಿದ್ದೇನೆ, ನಿನ್ನಪ್ಪ ಇಲ್ಲೇ ಎಲ್ಲೋ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರಬೇಕು ಅನ್ನಿಸಿ, ಒಂದೆರಡು ಸಲ ಅವರನ್ನು ಹುಡುಕಿದ್ದೂ ಉಂಟು. ಭಯವೇನೂ ಆಗಲಿಲ್ಲ. ಹಿತವಾಗಿಯೇ ಇತ್ತು.

ಆ ಬರಿಗಲ್ಲುಗಳ ಮೇಲೆ ಮೇ ತಿಂಗಳಲ್ಲಿ ಹಕ್ಕಿಗಳು ಬಂದವು. ಇಲ್ಲಿಯವರು ಲಿಟಲ್ ಟರ್ನ್ ಅನ್ನುತ್ತಾರೆ, ನಮ್ಮಲ್ಲಿ ರೀವ ಅನ್ನುತ್ತಾರಂತೆ. ಬಿಳಿ ಮೈ, ಹಳದಿ ಕೊಕ್ಕು, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದು. ವಿಮಾನಗಳೆಲ್ಲ ನಿಂತಿರುವಾಗ ಅವು ಆಫ್ರಿಕಾದಿಂದ ಹಾರಿ ಬಂದಿವೆ. ಗೂಡಿಲ್ಲ, ಕಡ್ಡಿಯಿಲ್ಲ, ಕಲ್ಲಿನ ನಡುವೆಯೇ ಕಲ್ಲಿನಂಥ ಮೊಟ್ಟೆ ಇಡುತ್ತವೆ. ಬಾಣಂತಿಗೆ ಒಂದು ಚಾಪೆಯೂ ಬೇಡವೇ ಎಂದು ನಾನು ಕೇಳಿದೆ. ಈ ದೇಶದಲ್ಲಿ ಅವು ಉಳಿದಿರುವುದೇ ಕೆಲವು ದಂಡೆಗಳಲ್ಲಿ. ಬೇಲಿ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ದುರ್ಬೀನು ಹಿಡಿದು ಅವುಗಳನ್ನು ಕಾಯುವುದೇ ನಿನ್ನ ಗಂಡನ ಕೆಲಸ. ಹೋದ ವರ್ಷ ಇಲ್ಲಿ ಒಂದು ಮರಿಯೂ ಹಾರಲಿಲ್ಲ. ಈ ವರ್ಷವೂ ಹಾಗೇ ಆದರೆ ಈ ದಂಡೆಯ ಕಾವಲನ್ನೇ ನಿಲ್ಲಿಸುವುದಾಗಿ ಆಫೀಸಿನವರು ಹೇಳಿದ್ದಾರೆ. ಕಾವಲು ನಿಂತರೆ ಅವನ ಕೆಲಸವೂ ಹೋಯಿತು, ಪರ್ಮಿಟ್ಟೂ ಹೋಯಿತು, ಗಂಟು ಮೂಟೆ ಕಟ್ಟಿ ಊರಿಗೆ. ಇದನ್ನೂ ಅವನು ಹೇಳಲಿಲ್ಲ, ಫಿನ್‌ಬಾರಪ್ಪ ಹೇಳಿದ.

ಫಿನ್‌ಬಾರ್ ಪಕ್ಕದ ಮನೆಯ ಮುದುಕ, ಅಪ್ಪ ಎಂದು ಸೇರಿಸಿದವಳು ನಾನು. ಚಿಕ್ಕಂದಿನಿಂದ ಗಿಡುಗ ಸಾಕಿದವನು. ಮರಿಗಳನ್ನು ಕದಿಯುವುದು ಒಂದು ಚಾಣ, ಕೆಸ್ಟ್ರೆಲ್ ಅನ್ನುತ್ತಾರಲ್ಲ, ಹೊಲದಂಚಿನ ಪಾಳು ಚರ್ಚಿನ ಗೋಪುರದಲ್ಲಿ ಅದರ ಗೂಡು. ಅದನ್ನು ಕೊಲ್ಲುವಂತಿಲ್ಲ, ಅದಕ್ಕೂ ಕಾನೂನಿನ ರಕ್ಷಣೆ ಉಂಟು, ಅದಕ್ಕೂ ಮರಿಗಳಿವೆ. ಅದಕ್ಕೆ ಆಫೀಸಿನವರು ಗಿಡುಗ ಸಾಕುವವರ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಫಿನ್‌ಬಾರಪ್ಪನ ಹೆಣ್ಣು ಗಿಡುಗ, ಹೆಸರು ಗ್ರಾನ್ಯ, ಚಾಣಕ್ಕಿಂತ ದೊಡ್ಡದು. ದಿನಾ ಮಧ್ಯಾಹ್ನ ಅವಳನ್ನು ಹೊಲದ ಮೇಲೆ ಹಾರಿಸಿದರೆ ಚಾಣ ಹೆದರಿ ಬೇರೆ ಕಡೆ ಬೇಟೆಗೆ ಹೋಗುತ್ತದೆ. ಮುದುಕನಿಗೆ ಎಪ್ಪತ್ತು ದಾಟಿದೆ, ಎದೆ ಮೊದಲೇ ಸರಿಯಿಲ್ಲ, ಹೊರಗೆ ಬರಕೂಡದು ಎಂದು ಸರ್ಕಾರದ ಆಜ್ಞೆ. ಹಾಗಾಗಿ ಗ್ರಾನ್ಯಳನ್ನು ನಮ್ಮ ಹಿತ್ತಲಿನ ಶೆಡ್ಡಿಗೆ ತಂದು, ಅವನು ಬೇಲಿಯಾಚೆಯಿಂದ ಕೂಗಿ ಕೂಗಿ ಕಿಶೋರನಿಗೆ ಕಲಿಸಿದ. ಕಿಶೋರ ತೊಗಲಿನ ಕೈಗವಸು ಹಾಕಿ ತೋಳು ಚಾಚಿ ಸಿಳ್ಳೆ ಹೊಡೆದರೆ, ಎಲ್ಲೋ ಮರದ ತುದಿಯಲ್ಲಿದ್ದವಳು ಕಾಲಿನ ಪುಟ್ಟ ಗಂಟೆ ಸದ್ದು ಮಾಡುತ್ತಾ ನೆಲಕ್ಕೆ ತಾಗುವಷ್ಟು ಕೆಳಗೆ ತೇಲಿ ಬಂದು ಮುಷ್ಟಿಯ ಮೇಲೆ ಕೂರುತ್ತಿದ್ದಳು. ನೋಡುತ್ತಾ ನನಗೆ ಮೈ ಮರೆಯುತ್ತಿತ್ತು.

ಈಗ ನನ್ನ ಘನಕಾರ್ಯ ಕೇಳು.

ಬೆಳಿಗ್ಗೆ ಅವಳನ್ನು ತಕ್ಕಡಿಯಲ್ಲಿ ಕೂರಿಸಿ ತೂಗುತ್ತಾನೆ. ತೂಕ ನೋಡಿ, ಫ್ರೀಜರಿನ ಸತ್ತ ಕೋಳಿಮರಿಗಳಲ್ಲಿ ಒಂದೋ ಒಂದೂವರೆಯೋ ಅಳೆದು ಕೊಡುತ್ತಾನೆ. ಅಷ್ಟೇ. ಅವಳು ತಿಂದು, ಕೊಕ್ಕು ಒರೆಸಿ, ಇನ್ನೂ ಬರುತ್ತದೇನೋ ಎಂದು ಅವನ ಕೈ ನೋಡುತ್ತಾಳೆ. ಆ ನೋಟ ನನಗೆ ತಡೆಯಲಾಗಲಿಲ್ಲ. ನಾನು ಕೇಳಿದೆ, ‘ಇಷ್ಟೇನಾ?’ ಎಂದು. ‘ಅವಳಿಗೆ ಇಷ್ಟೇ ಅತ್ತೆ, ನೀವೇನೂ ಹಾಕ್ಬೇಡಿ’ ಎಂದ. ಯಾಕೆ, ಏನು, ಒಂದು ಮಾತಿಲ್ಲ. ನನ್ನ ಜೀವಮಾನದಲ್ಲಿ ಖಾನಾವಳಿಯ ಹೊಸ್ತಿಲು ದಾಟಿದವರನ್ನು ‘ಇನ್ನೊಂದು ರೊಟ್ಟಿ’ ಅನ್ನದೆ ಕಳಿಸಿದವಳಲ್ಲ. ಸಾಕು ಅಂದವನಿಗೂ ತಟ್ಟೆಗೆ ಅಡ್ಡ ಹಿಡಿದ ಕೈ ಸರಿಸಿ ಬಡಿಸಿದ್ದೇನೆ. ಹೊಟ್ಟೆ ತುಂಬಿಸಿ ಕಳಿಸಿದರೆ ಮತ್ತೆ ಬಂದೇ ಬರುತ್ತಾರೆ ಎನ್ನುವುದು ನಮ್ಮ ಬಸಲಿಂಗಮ್ಮಜ್ಜಿ ಹೇಳಿಕೊಟ್ಟ ವ್ಯಾಪಾರದ ಗುಟ್ಟು. ಅದು ಹುಸಿಯಾದದ್ದು ನಾನು ಕಾಣೆ.

ಹೀಗಾಗಿ, ಕೊರಳಲ್ಲಿ ಲಿಂಗ ಇರುವ ನಾನು, ಮೊಟ್ಟೆ ಮುಟ್ಟಿದರೆ ಸ್ನಾನ ಮಾಡುವ ನಾನು, ಅಳಿಯ ದಂಡೆಗೆ ಹೋದ ಮೇಲೆ ಇಕ್ಕಳದಲ್ಲಿ ಕೋಳಿಮರಿ ಹಿಡಿದು ಶೆಡ್ಡಿಗೆ ಹೋದೆ. ಶಿವ ಶಿವ! ಕಣ್ಣು ಮುಚ್ಚಿಕೊಂಡೇ ಚಾಚಿದೆ. ಅವಳು ಗಬಕ್ಕನೆ ತೆಗೆದುಕೊಂಡಳು. ‘ತಿನ್ನವ್ವ, ನನ್ನ ತಾಯಿ’ ಎಂದೆ. ಮರುದಿನ ತೂಕ ಏರಿತ್ತು. ಕಿಶೋರ ತಕ್ಕಡಿಯನ್ನು ಬಡಿದು ನೋಡಿ, ಊಟ ಕಡಿಮೆ ಮಾಡಿದ. ಅವನು ಕಡಿಮೆ ಮಾಡಿದನಲ್ಲ ಎಂದು ನನಗೆ ಮರುಕ ಬಂದು ನಾನು ಹೆಚ್ಚು ಹಾಕಿದೆ. ಅವನು ಇನ್ನೂ ಕಡಿಮೆ ಮಾಡಿದ, ನಾನು ಇನ್ನೂ ಹೆಚ್ಚು ಮಾಡಿದೆ. ವಾರವಿಡೀ ಹೀಗೇ ನಡೆಯಿತು.

ಜೂನ್ ನಡುವಿನಲ್ಲಿ ದಂಡೆಯಲ್ಲಿ ಮೊದಲ ಮರಿಗಳು ಹೊರಬಂದವು. ಚಾಣವೂ ಹೊಲದ ಮೇಲೆ ಸುತ್ತಲು ಶುರು ಮಾಡಿತು. ಆ ದಿನ ಗ್ರಾನ್ಯಳನ್ನು ಹಾರಿಸಲೇಬೇಕಿತ್ತು. ಕೆಲಸಕ್ಕೆ ಹೊರಟವಳು ಬರಿಹೊಟ್ಟೆಯಲ್ಲಿ ಹೋಗಬಾರದು ಎಂದು ನಾನು ಮಧ್ಯಾಹ್ನಕ್ಕೆ ಮುಂಚೆ ಎರಡು ಹಾಕಿದೆ. ಮೂರನೆಯದಕ್ಕೆ ಅವಳು ಮುಖ ತಿರುಗಿಸಿದಳು. ‘ಇದೊಂದು, ನನಗೋಸ್ಕರ’ ಎಂದು ಇಕ್ಕಳ ಬಿಟ್ಟು ಕೈಯಿಂದಲೇ ಬಾಯಿಗೆ ಹಿಡಿದೆ. ಪಟ್ಟೆಂದು ಕಾಲು ಎತ್ತಿ ನನ್ನ ಬಲಗೈ ಹಿಡಿದಳು ನೋಡು! ಉಗುರು ಅಂಗೈಯೊಳಗೆ ಇಳಿದವು. ಕೂಗಲಿಲ್ಲ, ಕೂಗಿದರೆ ಅಳಿಯನಿಗೆ ಗೊತ್ತಾಗುತ್ತದಲ್ಲ. ಹೇಗೋ ಬಿಡಿಸಿಕೊಂಡು, ಸೆರಗು ಸುತ್ತಿಕೊಂಡು ಒಳಗೆ ಬಂದೆ. ಅವನು ಹೊಲದಿಂದ ಬಂದಾಗ, ಈಳಿಗೆ ತಗುಲಿತು ಎಂದೆ. ಈ ಮನೆಯಲ್ಲಿ ಈಳಿಗೆಯೇ ಇಲ್ಲ ಎನ್ನುವುದು ಆಮೇಲೆ ನೆನಪಾಯಿತು. ಗಾಬರಿಯಾಗಬೇಡ, ಆ ರಾತ್ರಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದ, ಈಗ ಗಾಯ ಒಣಗುತ್ತಾ ಬಂದಿದೆ. ನೀನು ನರ್ಸಮ್ಮ, ಸಾವಿರ ಪ್ರಶ್ನೆ ಕೇಳುತ್ತೀಯ ಎಂದೇ ನಿನಗೆ ತಿಳಿಸಿರಲಿಲ್ಲ.

ಅಷ್ಟರಲ್ಲಿ ಗ್ರಾನ್ಯ ಹೋಗಿಯೇಬಿಟ್ಟಿದ್ದಳು. ಮಧ್ಯಾಹ್ನ ಹೊಲದಲ್ಲಿ ಕಿಶೋರ ಕೈ ಬಿಟ್ಟದ್ದೇ ತಡ, ಮೇಲೆ ಮೇಲೆ ಏರಿ, ಚರ್ಚಿನ ಹಿಂದಿನ ದೊಡ್ಡ ಮರದ ತುದಿಯಲ್ಲಿ ಕೂತಳು. ಕಿಶೋರ ತೋಳು ಚಾಚಿ ಸಿಳ್ಳೆ ಹಾಕಿದ. ಅವಳು ಕೇಳಿಸಿಕೊಂಡಳು, ನೋಡಿದಳು, ಗರಿ ಕೊಡವಿದಳು. ಬರಲಿಲ್ಲ. ಯಾಕೆ ಬರಬೇಕು? ಹೊಟ್ಟೆ ತುಂಬಿತ್ತು. ಸಂಜೆಯ ಹೊತ್ತಿಗೆ ಗಾಳಿ ಎದ್ದಿತು, ಅವಳು ಬೆಟ್ಟದ ಕಡೆಗೆ ತೇಲಿ ಹೋದಳು. ಅವನು ಆ ತೋಳು ಚಾಚಿಕೊಂಡೇ ಎಷ್ಟು ಹೊತ್ತು ನಿಂತಿದ್ದನೆಂದರೆ, ಖಾಲಿ ರೈಲು ಹೋಗಿ ಮತ್ತೆ ವಾಪಸ್ಸು ಬಂತು.

ಮರುದಿನದಿಂದ ಚಾಣಕ್ಕೆ ಹಬ್ಬ. ಕಣ್ಣೆದುರೇ ಇಳಿದು ಮರಿಯನ್ನು ಎತ್ತಿಕೊಂಡು ಹೋಗುವುದು. ತಾಯಿ ಹಕ್ಕಿಗಳು ಚೀರುತ್ತಾ ಅದರ ಬೆನ್ನು ಹತ್ತುವುದು, ಮತ್ತೆ ಬಂದು ಆ ಖಾಲಿ ಕಲ್ಲುಗಳ ಮೇಲೆಯೇ ಕೂರುವುದು. ಕಿಶೋರ ಊಟ ಬಿಟ್ಟ. ನಾನು ಬಾಯಿ ಬಿಡಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅಂಥ ಬುದ್ಧಿ ಬಂದಿತ್ತು, ಆದರೆ ಅದನ್ನು ಹೇಳುವ ಧೈರ್ಯ ಬಂದಿರ‍ಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಬೇಲಿಯಾಚೆಯಿಂದ ಫಿನ್‌ಬಾರಪ್ಪ ಕಿಶೋರನಿಗೆ ಬೈಯುತ್ತಿದ್ದ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಹೊಟ್ಟೆ ತುಂಬಿದ ಗಿಡುಗ ಯಾರಿಗೂ ನೆಂಟನಲ್ಲ, ಹಸಿವಿದ್ದರೆ ಮಾತ್ರ ಮುಷ್ಟಿಗೆ ಬರುತ್ತದೆ, ಇದನ್ನು ನಿನಗೆ ಎಷ್ಟು ಸಲ ಹೇಳಿದ್ದೆ, ತೂಕ ನೋಡಲೂ ಬರುವುದಿಲ್ಲವೇ ನಿನಗೆ ಎಂದು. ಕಿಶೋರ ತಲೆ ತಗ್ಗಿಸಿ, ತಕ್ಕಡಿ ಓದಿದ್ದು ತಪ್ಪಾಯಿತು, ತಪ್ಪು ನನ್ನದೇ, ಆಫೀಸಿಗೂ ಹಾಗೆಯೇ ಬರೆದು ಕಳಿಸಿದ್ದೇನೆ ಎಂದ.

ನನ್ನ ಕೈಯಲ್ಲಿದ್ದ ಒದ್ದೆ ಟವೆಲು ಕೆಳಗೆ ಬಿತ್ತು. ಈ ಹುಡುಗನಿಗೆ ಎಲ್ಲ ಗೊತ್ತಿತ್ತು, ಅಪ್ಪೀ. ಗಿಡುಗದ ಉಗುರಿನ ಗಾಯ ಯಾವುದು, ಕತ್ತಿಯ ಗಾಯ ಯಾವುದು ಅವನಿಗೆ ತಿಳಿಯದೇ? ಫ್ರೀಜರಿನಲ್ಲಿ ಕೋಳಿಮರಿ ಕಡಿಮೆಯಾದದ್ದು ಕಾಣದೇ? ನನ್ನ ಮರ್ಯಾದೆ ಉಳಿಸಲು ತನ್ನ ಅನ್ನಕ್ಕೇ ಕಲ್ಲು ಹಾಕಿಕೊಳ್ಳುತ್ತಿದ್ದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಬೇಲಿಯ ಹತ್ತಿರ ಹೋಗಿ ಬ್ಯಾಂಡೇಜಿನ ಕೈ ಎತ್ತಿ ತೋರಿಸಿದೆ. ‘ನಾಟ್ ಹಿಮ್. ಮೀ. ಐ ಗಿವ್ ಫುಡ್. ಡೈಲಿ ಐ ಗಿವ್’ ಎಂದೆ. ಫಿನ್‌ಬಾರಪ್ಪ ಬಾಯಿ ತೆರೆದುಕೊಂಡು ನನ್ನ ಕೈ ನೋಡಿದ, ಕಿಶೋರನ ಮುಖ ನೋಡಿದ. ‘ಜೀಸಸ್, ಮೇರಿ ಅಂಡ್ ಜೋಸೆಫ್’ ಎಂದು ಮೂವರನ್ನೂ ಕರೆದ. ಆಮೇಲೆ ನಗಲು ಶುರು ಮಾಡಿದವನು ಕೆಮ್ಮು ಬರುವವರೆಗೆ ನಕ್ಕ. ಬೈದದ್ದಕ್ಕೆ ಕಿಶೋರನ ಮುಂದೆ ಟೊಪ್ಪಿಗೆ ತೆಗೆದ, ಪಾಪ. ನಿನ್ನ ಗಂಡ ಮಾತ್ರ ನೆಲ ನೋಡುತ್ತಾ, ‘ಬಿಡಿ ಅತ್ತೆ’ ಎಂದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ‘ಬಿಡಿ ಬಿಡಿ ಅಂತಾನೇ ಎಲ್ಲಾ ಬಿಟ್ಟು ಹೋಗಿದ್ದು! ದೇವರು ನಿಮಗೆ ಬಾಯಿ ಅನ್ನೋದು ಕೊಟ್ಟವ್ನೋ ಇಲ್ವೋ? ಹಸಿವಿದ್ರೇನೇ ವಾಪಸ್ ಬರ್ತಾಳೆ ಅತ್ತೆ ಅಂತ ಮೊದಲನೇ ದಿನಾನೇ ಒಂದು ಮಾತು ಹೇಳಿದ್ರೆ ನಾನು ಹಾಕ್ತಿದ್ನಾ? ಹೋಗ್ಲಿ, ನಾನೇ ಮಾಡಿದ್ದು ಅಂತ ಗೊತ್ತಾದ ದಿನ ನನ್ನ ಬೈಯೋಕೇನಾಗಿತ್ತು?’ ಎಂದು ಹಿತ್ತಲು ಹಾರಿಹೋಗುವಂತೆ ಕೂಗಿದೆ. ಅಳಿಯನನ್ನು ಯಾರಾದರೂ ಹಾಗೆ ಬೈಯುತ್ತಾರೆಯೇ? ಬೈದೆ.

ಅವನು ಶೆಡ್ಡಿನ ಮೆಟ್ಟಿಲ ಮೇಲೆ ಕೂತ. ‘ಮಾತಾಡಿದ್ರೆ ತಪ್ಪಾಗುತ್ತೆ ಅಂತ ಭಯ ಅತ್ತೆ’ ಎಂದ. ಆಮೇಲೆ ಅವನಾಗಿಯೇ ಹೇಳಿದ. ವಾರ್ಡಿನಲ್ಲಿ ಯಾರಾದರೂ ರೋಗಿ ತೀರಿಕೊಂಡ ದಿನಗಳಲ್ಲಿ ನೀನು ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆಯಂತೆ. ಏನು ಹೇಳಿದರೂ ಸಣ್ಣದಾಗುತ್ತದೆ ಎಂದು ಅವನು ಬಾಗಿಲ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದನಂತೆ. ‘ಅವಳಿಗೆ ಅದು ಗೋಡೆ ಹಂಗೆ ಕಾಣ್ತು. ಅವಳದ್ದು ತಪ್ಪಿಲ್ಲ’ ಎಂದ. ಇಷ್ಟನ್ನು ಹೇಳಲು ಅವನಿಗೆ ಬೆವರು ಬಂತು. ಇದನ್ನು ನನಗಲ್ಲ, ಹೇಳಬೇಕಾದವಳಿಗೆ ಹೇಳಬೇಕಿತ್ತು ಎಂದೆ.

ಆಮೇಲೆ ನಾವು ಮೂವರೂ ಸೇರಿ ಮುಂದೇನು ಎಂದು ಯೋಚಿಸಿದೆವು, ನಾನೂ ಕಿಶೋರನೂ ಬೇಲಿಯ ಈ ಕಡೆ, ಮುದುಕ ಆ ಕಡೆ. ಚಾಣಕ್ಕೆ ಅದರ ಗೋಪುರದ ಬುಡದಲ್ಲೇ ಊಟ ಇಟ್ಟರೆ ಅದು ದಂಡೆಗೆ ಬರುವುದು ಕಡಿಮೆಯಾಗುತ್ತದೆ, ಬೇರೆ ಕಡೆ ಮಾಡಿ ನೋಡಿದ್ದಾರೆ ಎಂದು ಕಿಶೋರ ಹೇಳಿದ. ‘ಮತ್ತೆ ಇಷ್ಟು ದಿನ ಯಾಕೆ ಇಡಲಿಲ್ಲ?’ ಎಂದರೆ, ಆಫೀಸಿಗೆ ಕೇಳಲು ಹಿಂಜರಿದನಂತೆ! ನಾನು ಅವನ ಫೋನು ತೆಗೆದು ಅವನ ಕೈಗೇ ಕೊಟ್ಟೆ. ಮಾತಾಡಿದ. ತಡವರಿಸಿದರೂ ಮಾತಾಡಿದ. ಅವರು ಒಪ್ಪಿದರು. ಅವತ್ತಿನಿಂದ ಬೆಳಿಗ್ಗೆ ಸಂಜೆ ಗೋಪುರದ ಕೆಳಗಿನ ಹಲಗೆಯ ಮೇಲೆ ಚಾಣದ ಸಂಸಾರಕ್ಕೆ ಎಲೆ ಹಾಕಿದೆವು. ಬಡಿಸುವವನು ಅವನು, ‘ಇನ್ನೊಂದು ಇಡಿ’ ಅನ್ನುವವಳು ನಾನು. ಈ ಸಲ ಯಾರೂ ನನ್ನನ್ನು ತಡೆಯಲಿಲ್ಲ. ಚಾಣದ ಮರಿಗಳು ಗೋಪುರದ ಬಿರುಕಿನಿಂದ ಇಣುಕಿ ನೋಡುತ್ತಿದ್ದವು, ಖಾನಾವಳಿಯ ಹೊತ್ತಿಗೆ ಮುಂಚೆಯೇ ಬಂದು ಕೂರುವ ಹಾಸ್ಟೆಲ್ ಹುಡುಗರ ಹಾಗೆ. ದಂಡೆಯಲ್ಲಿ ಆಮೇಲೂ ಒಂದೆರಡು ಮರಿ ಹೋದವು. ಆದರೆ ಹೆಚ್ಚಿನವು ಉಳಿದವು.

ಗ್ರಾನ್ಯ? ಅವಳ ಆಸೆಯನ್ನು ಫಿನ್‌ಬಾರಪ್ಪನೂ ಬಿಟ್ಟಿದ್ದ. ಒಂದು ಬೆಳಿಗ್ಗೆ ಎದ್ದರೆ ಲೋಕವೇ ಇಲ್ಲ. ಕಡಲಿನಿಂದ ಮಂಜು ಬಂದು ಹೊಲ, ಹಳಿ, ಗೋಪುರ ಎಲ್ಲವನ್ನೂ ಅಳಿಸಿ ಹಾಕಿತ್ತು. ನನ್ನ ಚಪ್ಪಲಿ ನನಗೇ ಕಾಣುತ್ತಿರಲಿಲ್ಲ. ಕೈಗವಸಿನ ಕೈಯಲ್ಲಿ ಚಾಣದ ಊಟ ಹಿಡಿದು ಕಿಶೋರ ನನ್ನ ಮುಂದೆ ನಡೆಯುತ್ತಿದ್ದ, ಬರೀ ಹೆಜ್ಜೆಯ ಸದ್ದು. ನಾನು ಅರೆನಿದ್ದೆಯಲ್ಲಿ ಇದ್ದೆನೋ ಏನೋ, ಎಲ್ಲಿಂದಲೋ ಗಂಟೆಯ ಸದ್ದು ಕೇಳಿದೆ. ಗುಡಿಯದಲ್ಲ, ದನದ ಕೊರಳಿನದಲ್ಲ, ತೀರ ಸಣ್ಣದು. ಮೇಲಿನಿಂದಲೋ, ಪಕ್ಕದಿಂದಲೋ. ಇಬ್ಬರೂ ನಿಂತೆವು. ಅವನು ಮೆಲ್ಲಗೆ ತೋಳು ಚಾಚಿ ಸಿಳ್ಳೆ ಹಾಕಿದ. ಮಂಜಿನ ಒಳಗಿನಿಂದ ಒಂದು ಕಂದು ರೆಕ್ಕೆ ಬಿಚ್ಚಿಕೊಂಡು ಬಂದು ಅವನ ಮುಷ್ಟಿಯ ಮೇಲೆ ಕೂತಿತು. ಸೊರಗಿದ್ದಳು, ಬಾಲದ ಗರಿ ಮುರಿದಿತ್ತು. ಅವನು ಅವಳಿಗೆ ಏನೇನೋ ಹೇಳಲು ಶುರು ಮಾಡಿದ, ಕನ್ನಡದಲ್ಲಿ, ನಿಲ್ಲಿಸದೆ. ‘ಎಲ್ಲಿಗೆ ಹೋಗಿದ್ದೆ, ನೋಡೆ ಹೆಂಗಾಗಿದ್ದೀಯ, ಚಳಿ ಆಯ್ತಾ?’ ಎಂದು. ಅವನ ಬಾಯಲ್ಲಿ ಅಷ್ಟು ಮಾತು ನಾನು ಆವರೆಗೆ ಕೇಳಿರಲಿಲ್ಲ. ನಾನು ಮುಖ ತಿರುಗಿಸಿಕೊಂಡೆ, ಕೇಳಬಾರದ್ದನ್ನು ಕೇಳಿದ ಹಾಗಾಯಿತು.

ಈಗ ದಂಡೆಯಲ್ಲಿ ಮರಿಗಳು ರೆಕ್ಕೆ ಬಡಿಯುತ್ತಿವೆ. ನಿನ್ನೆ ಸಂಜೆ ಮೊದಲನೆಯದು ನೀರಿನ ಮೇಲಿನವರೆಗೆ ಹೋಗಿ ವಾಪಸ್ಸು ಬಂತು. ಆಫೀಸಿನವರು ಕಾವಲು ಮುಂದಿನ ವರ್ಷವೂ ಇರುತ್ತದೆ ಎಂದಿದ್ದಾರೆ.

ಇಗೋ, ನಿನ್ನ ಪ್ರಶ್ನೆಗೆ ಉತ್ತರ. ನಾನು ನಿನ್ನ ಕಡೆ. ನೀನು ಆ ಪೇಪರಿಗೆ ಸಹಿ ಹಾಕಿದರೂ ನಿನ್ನ ಕಡೆ, ಹರಿದು ಹಾಕಿದರೂ ನಿನ್ನ ಕಡೆ. ಮೂಕನ ಜೊತೆ ಬಾಳುವ ಕಷ್ಟ ಏನೆಂದು ನಾನು ನಾಲ್ಕು ತಿಂಗಳು ಕಂಡಿದ್ದೇನೆ, ನಿನಗೆ ಸಾಕಾಗಿದ್ದರೆ ಅದು ಸುಳ್ಳಲ್ಲ. ಭಾನುವಾರ ಬಾ, ನಾನು ಬಟ್ಟೆ ಮಡಚಿ ತಯಾರಾಗಿರುತ್ತೇನೆ. ಆದರೆ ಆ ಹುಡುಗ ಕೆಟ್ಟವನು ಎಂದು ದಾವಣಗೆರೆಗೆ ಫೋನು ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ನೀನು ಅತ್ತರೂ ಆಗುವುದಿಲ್ಲ, ಸಿಟ್ಟು ಮಾಡಿಕೊಂಡರೂ ಆಗುವುದಿಲ್ಲ. ಹೊಂದಲಿಲ್ಲ ಎಂದು ಹೇಳುತ್ತೇನೆ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಬರುವಾಗ ಗಟ್ಟಿ ಬೂಟು ಹಾಕಿಕೊಂಡು ಬಾ, ದಂಡೆಯ ಕಲ್ಲು ಕಾಲು ಹೊರಳಿಸುತ್ತದೆ. ನಿದ್ದೆ ಮಾಡು. ಮಾಸ್ಕು ಉಜ್ಜಿ ಉಜ್ಜಿ ಕಿವಿಯ ಹಿಂದೆ ಆಗಿರುವ ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚು.

ನಿನ್ನನ್ನು ಹೆತ್ತು, ಬೈದು, ಬೆಳೆಸಿದ
ಅಮ್ಮ
ಸಾವಿತ್ರಮ್ಮ

ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ನನ್ನ ಬಲಗೈ ಇನ್ನೂ ಸರಿಯಾಗಿ ಮಡಚಲು ಬರುವುದಿಲ್ಲ. ಪೆನ್ನು ಹೇಗೋ ಹಿಡಿಯುತ್ತೇನೆ, ಹಿಟ್ಟು ನಾದಲು ಆಗದು. ಜೂನಿನಿಂದ ನಿನಗೆ ಬರುತ್ತಿರುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಯಾವುದೂ ನಾನು ಮಾಡಿದ್ದಲ್ಲ. ನಾನು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುತ್ತೇನೆ, ಅವನು ದಂಡೆಯಿಂದ ಬಂದು ಕೈ ತೊಳೆದು ಮಾಡುತ್ತಾನೆ. ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ, ಗೊತ್ತಾದರೆ ನೀನು ತಿನ್ನುವುದಿಲ್ಲವಂತೆ. ಹೋದ ವಾರ ನೀನು ತೇಜು ಹತ್ತಿರ ಹೇಳಿ ಕಳಿಸಿದ್ದೆಯಲ್ಲ, ಏನೇ ಆದರೂ ಅಮ್ಮನ ಕೈರುಚಿ ಬೇರೆ ಯಾರಿಗೂ ಬರಲ್ಲ ಎಂದು. ತೇಜು ಅದನ್ನು ಬಾಗಿಲಲ್ಲಿ ನಿಂತು ಹೇಳುವಾಗ ಅವನು ಪಕ್ಕದಲ್ಲೇ ಇದ್ದ. ಒಳಗೆ ಹೋಗಿ ನಿನಗೆಂದು ಇನ್ನೆರಡು ರೊಟ್ಟಿ ತಟ್ಟಿದ.